ಸೋಂಕು, ಅರಿವು, ಮರವೆ

ಕನ್ನಡದಲ್ಲಿ ‘ಸೋಂಕು’ ಎಂಬ ಮಾತಿಗೆ ಮೂಲಾರ್ಥವು ಸ್ಪರ್ಶ. ಶರಣರು ಈ ಮಾತನ್ನು ಅತ್ಯಂತ ಪವಿತ್ರವಾದ ಅರ್ಥದಲ್ಲಿ ಬಳಸಿರುವರು. ಗುರುಹಸ್ತದ ಸೋಂಕಿನಿಂದ ಶಿಷ್ಯನ ಪೂರ್ವಾಶ್ರಯವು ಅಳಿಯುವುದು. ಲಿಂಗದ ಸೋಂಕಿನಿಂದ ಅಂಗಗುಣವು ಕರಗುವುದು. ಆದರೆ ಅದೇ ಮಾತು ಲೋಕರೂಢಿಯಲ್ಲಿ ಭಯದ ಮಾತೂ ಆಗಿದೆ. ಮಗುವಿಗೆ ದಡಾರವೆದ್ದ ಮನೆಯ ಬಾಗಿಲಲ್ಲಿ ನೆರೆಯವರು ಇಟ್ಟ ಹೆಜ್ಜೆಯನ್ನು ಹಿಂದಕ್ಕೆಳೆಯುವರು. ‘ಸೋಂಕಿದೆ’ ಎಂದು ಪಿಸುನುಡಿಯುವರು. ಒಂದೇ ಶಬ್ದವು ಉದ್ಧಾರಕ್ಕೂ ಅಪಾಯಕ್ಕೂ ಹೆಸರಾಗಿರುವುದು ವಿಚಾರಾರ್ಹವಾದ ಸಂಗತಿ. ಸ್ಪರ್ಶವೆಂಬುದು ಒಂದು ದಾರಿ. ಆ ದಾರಿಯಲ್ಲಿ ಬಂದುದು ಯಾವುದು, ಒಳಗಿನ ಕಾವಲುಗಾರನು ಅದನ್ನು ಹೇಗೆ ಗುರುತಿಸಿದನು ಎಂಬುದರ ಮೇಲೆ ಫಲವು ನಿಂತಿದೆ.

ಇಲ್ಲಿ ಗೃಹಸ್ಥರಿಗೆ ಒಂದು ಧರ್ಮಸಂದೇಹವು ಹುಟ್ಟುವುದುಂಟು. ಜನನ, ಜಾತಿ, ರಜಸ್ಸು, ಉಚ್ಛಿಷ್ಟ, ಪ್ರೇತ ಎಂಬ ಪಂಚಸೂತಕಗಳಿಗೆ ಲಿಂಗವಂತರಲ್ಲಿ ಎಡೆಯಿಲ್ಲವೆಂಬುದು ಸರ್ವವಿದಿತವಷ್ಟೆ. ಹೀಗಿರಲು ರೋಗಿಯ ಸ್ಪರ್ಶಕ್ಕೆ ಅಂಜುವುದು ಹಿಂಬಾಗಿಲಿನಿಂದ ಸೂತಕವನ್ನು ಮನೆಯೊಳಗೆ ಕರೆತಂದಂತೆ ಆಗುವುದಿಲ್ಲವೇ? ಈ ಸಂದೇಹಕ್ಕೆ ಸರಿಯಾದ ಸಮಾಧಾನವನ್ನು ಅರಿಯದವರು ಎರಡು ಬಗೆಯಾಗಿ ತಪ್ಪುವರು. ಕೆಲವರು ‘ನಮಗೆ ಸೂತಕವಿಲ್ಲ, ಆದುದರಿಂದ ಸೋಂಕೂ ಇಲ್ಲ’ ಎಂದು ಜ್ವರದಿಂದ ಕೆಂಡವಾದ ಕೂಸನ್ನು ಕಂಕುಳಲ್ಲಿಟ್ಟುಕೊಂಡು ಜಾತ್ರೆಗೆ ಹೊರಡುವರು. ಮತ್ತೆ ಕೆಲವರು ಸೋಂಕಿನ ಭಯದಿಂದ ರೋಗಿಗೆ ಒಂದು ಗುಟುಕು ನೀರನ್ನೂ ಕೊಡದೆ ದೂರ ಸರಿಯುವರು. ಮೊದಲನೆಯದು ಅಜ್ಞಾನ, ಎರಡನೆಯದು ನಿರ್ದಯೆ. ಇವೆರಡನ್ನೂ ಬಿಟ್ಟು ನಡೆಯಬೇಕಾದರೆ, ಸೋಂಕು ಬಂದಾಗ ಈ ಶರೀರದೊಳಗೆ ಏನು ನಡೆಯುವುದೆಂಬುದನ್ನು ತಿಳಿಯುವುದು ಆವಶ್ಯಕ. ಶರೀರವನ್ನು ಶಿವಾಲಯವೆಂದು ಕಂಡ ಶರಣರ ಪರಂಪರೆಯಲ್ಲಿ ಇದು ಪರಕೀಯವಾದ ವಿದ್ಯೆಯೇನೂ ಅಲ್ಲ. ಚೆನ್ನಬಸವಣ್ಣನವರ ‘ಕರಣ ಹಸುಗೆ’ಯು ದೇಹದ ತತ್ತ್ವಗಳನ್ನೇ ಒಂದೊಂದಾಗಿ ವಿಂಗಡಿಸಿ ಹೇಳುವುದು. ವೈದ್ಯ ಸಂಗಣ್ಣನೆಂಬ ಶರಣನು ಚಿಕಿತ್ಸೆಯನ್ನೇ ಕಾಯಕವಾಗಿ ಕೈಕೊಂಡು, ವೈದ್ಯದ ಪರಿಭಾಷೆಯಲ್ಲಿಯೇ ಅನುಭಾವವನ್ನು ನುಡಿದನು.

ರೋಗಾಣುಗಳು ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದವು. ಅವುಗಳಲ್ಲಿ ಬ್ಯಾಕ್ಟೀರಿಯ ಎಂಬುವು ತಾವೇ ಬದುಕಿ ಬೆಳೆಯಬಲ್ಲವು. ವೈರಸ್ಸು ಎಂಬುವಾದರೋ ಇನ್ನೊಂದು ಜೀವಕೋಶದ ಒಳಹೊಕ್ಕಲ್ಲದೆ ಹೆಚ್ಚಲಾರವು. ಇವುಗಳಿಗೆ ದೇಹವು ಒಡ್ಡುವ ಮೊದಲ ಆವರಣವೆಂದರೆ ಚರ್ಮ. ಮೂಗು ಬಾಯಿ ಗಂಟಲುಗಳಲ್ಲಿ ಚರ್ಮದ ಬದಲಾಗಿ ಲೋಳೆಯ ಪೊರೆಯುಂಟು. ಅದು ಧೂಳನ್ನೂ ಅಣುಗಳನ್ನೂ ಹಿಡಿದು ಹೊರದೂಡುವುದು. ಕಣ್ಣೀರಿನಲ್ಲಿಯೂ ಜೊಲ್ಲಿನಲ್ಲಿಯೂ ರೋಗಾಣುವಿನ ಹೊರಗವಚವನ್ನು ಕರಗಿಸುವ ದ್ರವ್ಯವಿದೆ. ಜಠರದ ಆಮ್ಲವು ಅನ್ನದೊಡನೆ ಹೊಕ್ಕ ಅನೇಕ ಅಣುಗಳನ್ನು ಸುಟ್ಟುಹಾಕುವುದು. ಇವೆಲ್ಲವೂ ಊರಿನ ಕೋಟೆ, ಅಗಳು, ಹೆಬ್ಬಾಗಿಲುಗಳಿದ್ದಂತೆ. ಬಂದವನು ಯಾರೆಂದು ಕೇಳದೆ ಎಲ್ಲರನ್ನೂ ತಡೆಯುವವು.

ಕೋಟೆಯನ್ನು ದಾಟಿದವನನ್ನು ಎದುರಿಸಲು ಒಳಗೆ ತಳವಾರರುಂಟು. ರಕ್ತದಲ್ಲಿಯೂ ಮಾಂಸದ ಸಂದುಗಳಲ್ಲಿಯೂ ಸಂಚರಿಸುವ ಕೆಲವು ಬಿಳಿಯ ಕಣಗಳು ಪರಕೀಯವಾದುದನ್ನು ಕಂಡೊಡನೆ ಅದನ್ನು ಸುತ್ತುವರಿದು ನುಂಗಿಬಿಡುವವು. ರಷ್ಯ ದೇಶದ ಮೆಚ್ನಿಕಾಫ್ ಎಂಬ ವಿಜ್ಞಾನಿಯು ೧೮೮೨ರಲ್ಲಿ ಇಟಲಿಯ ಮೆಸ್ಸೀನಾ ಎಂಬ ಕಡಲತೀರದ ಊರಿನಲ್ಲಿದ್ದಾಗ, ಗಾಜಿನಂತೆ ಪಾರದರ್ಶಕವಾದ ನಕ್ಷತ್ರಮೀನಿನ ಮರಿಯೊಂದಕ್ಕೆ ಗುಲಾಬಿಯ ಮುಳ್ಳನ್ನು ಚುಚ್ಚಿ ನೋಡಿದನು. ಮರುದಿನ ಬೆಳಗಾಗುವಷ್ಟರಲ್ಲಿ ಅಲೆದಾಡುವ ಕಣಗಳು ಆ ಮುಳ್ಳನ್ನು ಮುತ್ತಿಕೊಂಡಿದ್ದವು. ನುಂಗುವ ಕಣಗಳೇ ದೇಹದ ರಕ್ಷಕರೆಂಬ ವಿಚಾರವು ಹೀಗೆ ಲೋಕಕ್ಕೆ ತಿಳಿಯಿತು. ಗಾಯದ ಸುತ್ತ ಮೈ ಕೆಂಪಾಗುವುದು, ಬಾಯುವುದು, ಬಿಸಿಯಾಗುವುದು, ಕೀವು ಕೂಡುವುದು ಇವೆಲ್ಲವೂ ಆ ಹೋರಾಟದ ಕುರುಹುಗಳೇ. ಜ್ವರವೂ ಬಹುಮಟ್ಟಿಗೆ ಅಂಥದೇ. ದೇಹವು ತನ್ನ ಉಷ್ಣವನ್ನು ತಾನೇ ಏರಿಸಿಕೊಂಡು ರೋಗಾಣುವಿನ ಬೆಳವಣಿಗೆಗೆ ಅಡ್ಡಿಯನ್ನೂ ತನ್ನ ಸೈನಿಕರಿಗೆ ಚುರುಕನ್ನೂ ಉಂಟುಮಾಡುವುದು. ಹಾಗೆಂದು ಜ್ವರವನ್ನು ಉಪೇಕ್ಷಿಸಬಾರದು. ಮಿತಿಮೀರಿದ ಉರಿಯು ಮನೆಯನ್ನೇ ಸುಡಬಲ್ಲದು.

ಇದಿಷ್ಟೇ ಆಗಿದ್ದರೆ ದೇಹಕ್ಕೆ ಬಲವಿದೆ ಎನ್ನಬಹುದಾಗಿತ್ತು, ಅರಿವಿದೆ ಎನ್ನುವಂತಿರಲಿಲ್ಲ. ಅರಿವಿನ ಕಾರ್ಯವು ಇದರ ಮೇಲೆ ನಡೆಯುವುದು. ಕಾಲ್ಬೆರಳಿಗೆ ಮುಳ್ಳು ನೆಟ್ಟು ಕೀವಾದಾಗ ತೊಡೆಯ ಸಂದಿನಲ್ಲಿ ಗಂಟು ಕಟ್ಟುವುದನ್ನು ಎಲ್ಲರೂ ಬಲ್ಲರು. ಗಾಯವು ಪಾದದಲ್ಲಿರಲು ಗಂಟು ಅಲ್ಲೇಕೆ? ರೋಗಾಣುವನ್ನು ನುಂಗಿದ ದೂತಕಣವೊಂದು ಅದರ ತುಣುಕನ್ನು ಹೊತ್ತುಕೊಂಡು ಸಮೀಪದ ದುಗ್ಧಗ್ರಂಥಿಗೆ ಓಡಿ, ಅಲ್ಲಿ ನೆರೆದಿರುವ ಲಿಂಫೋಸೈಟುಗಳೆಂಬ ಕಣಗಳಿಗೆ ಅದನ್ನು ತೋರಿಸುವುದು. ಆ ಗ್ರಂಥಿಯು ದೇಹದೊಳಗಿನ ಒಂದು ಮಂಟಪ. ಅಲ್ಲಿರುವ ಕೋಟ್ಯಂತರ ಕಣಗಳಲ್ಲಿ ಪ್ರತಿಯೊಂದೂ ಒಂದೊಂದು ಆಕಾರವನ್ನು ಮಾತ್ರ ಗುರುತಿಸಬಲ್ಲದು. ತಂದ ತುಣುಕು ಯಾವ ಕಣದ ಗುರುತಿಗೆ ಹೊಂದುವುದೋ ಆ ಕಣವು ಎಚ್ಚತ್ತು, ಒಂದು ಎರಡಾಗಿ, ಎರಡು ನಾಲ್ಕಾಗಿ, ಕೆಲವೇ ದಿನಗಳಲ್ಲಿ ಬಲುದೊಡ್ಡ ಪರಿವಾರವಾಗುವುದು. ಗ್ರಂಥಿಯು ಊದಿಕೊಳ್ಳುವುದಕ್ಕೆ ಇದೇ ಕಾರಣ. ಈ ಪರಿವಾರದಲ್ಲಿ ಬಿ ಎಂಬ ಕಣಗಳು ಪ್ರತಿಕಾಯಗಳನ್ನು ತಯಾರಿಸಿ ರಕ್ತಕ್ಕೆ ಬಿಡುವವು. ಅವು ರೋಗಾಣುವಿಗೆ ಅಂಟಿಕೊಂಡು ಅದರ ಕೈಕಟ್ಟುವವು. ಟಿ ಎಂಬ ಕಣಗಳಲ್ಲಿ ಕೆಲವು ವೈರಸ್ಸು ಹೊಕ್ಕ ಜೀವಕೋಶಗಳನ್ನು ಹುಡುಕಿ ನಾಶಮಾಡುವವು. ಕೆಲವು ಮಿಕ್ಕವರಿಗೆ ಆಜ್ಞೆಯನ್ನು ಕೊಡುವವು. ಹೊಸ ರೋಗಾಣುವಿಗೆ ಇಷ್ಟೆಲ್ಲ ಸಿದ್ಧವಾಗಲು ಒಂದೆರಡು ವಾರ ಹಿಡಿಯುವುದು. ರೋಗಿಯು ನರಳುವ ದಿನಗಳೆಂದರೆ ಬಹುಮಟ್ಟಿಗೆ ಈ ದಿನಗಳೇ.

ಪರವನ್ನು ಗುರುತಿಸುವುದಕ್ಕಿಂತ ಮೊದಲು ತನ್ನನ್ನು ತಾನು ಅರಿಯಬೇಕೆಂಬುದು ಶರಣರ ಬೋಧೆಯ ತಿರುಳು. ದೇಹವೂ ಈ ಕ್ರಮವನ್ನೇ ಅನುಸರಿಸುವುದು. ಎದೆಯ ಎಲುಬಿನ ಹಿಂದೆ ಥೈಮಸ್ ಎಂಬ ಗ್ರಂಥಿಯೊಂದಿದೆ. ಇದು ಬಹುಕಾಲ ನಿಷ್ಪ್ರಯೋಜಕವೆಂದು ಎಣಿಸಲ್ಪಟ್ಟಿತ್ತು. ೧೯೬೧ರಲ್ಲಿ ಲಂಡನ್ನಿನಲ್ಲಿ ಜಾಕ್ ಮಿಲ್ಲರ್ ಎಂಬವರು ಇದರ ನಿಜವಾದ ಕಾರ್ಯವನ್ನು ಪ್ರಕಟಿಸಿದರು. ಟಿ ಕಣಗಳಿಗೆ ಇದೇ ಗುರುಕುಲ. ಎಳೆಯ ಕಣಗಳು ಇಲ್ಲಿಗೆ ಬಂದು ಪರೀಕ್ಷೆಗೆ ಒಳಗಾಗುವವು. ಸ್ವಶರೀರದ ಅಂಶವನ್ನೇ ಶತ್ರುವೆಂದು ಭ್ರಮಿಸಿ ಉಗ್ರವಾಗಿ ಎರಗುವ ಕಣವು ಅಲ್ಲಿಯೇ ಲಯವಾಗುವುದು. ಯಾವುದನ್ನೂ ಗುರುತಿಸಲಾರದ ಜಡಕಣವೂ ಅಲ್ಲಿಯೇ ಅಳಿಯುವುದು. ಬಂದವುಗಳಲ್ಲಿ ತೇರ್ಗಡೆಯಾಗಿ ಹೊರಬರುವವು ಅತ್ಯಲ್ಪ. ಇಷ್ಟಾದರೂ ತಪ್ಪಿಸಿಕೊಂಡು ಬಂದ ಕಣಗಳನ್ನು ಹತೋಟಿಯಲ್ಲಿಡಲು ಶಮನಕಾರಿಯಾದ ಬೇರೊಂದು ವರ್ಗದ ಕಣಗಳಿವೆ. ಇವುಗಳನ್ನು ಜಪಾನಿನ ಸಕಗುಚಿ ಎಂಬವರು ೧೯೯೫ರಲ್ಲಿ ಗುರುತಿಸಿದರು. ಈ ವಿಷಯದ ಶೋಧನೆಗಾಗಿ ೨೦೨೫ರ ನೊಬೆಲ್ ಪಾರಿತೋಷಕವು ಅವರಿಗೂ ಅಮೆರಿಕದ ಬ್ರಂಕೋ, ರಾಮ್ಸ್‌ಡೆಲ್ ಎಂಬವರಿಗೂ ಸಂದಿತು.

ಈ ಶಮನಶಕ್ತಿಯು ತಪ್ಪಿದರೆ ಏನಾಗುವುದು? ರಕ್ಷಕನೇ ಭಕ್ಷಕನಾಗುವನು. ದೇಹವು ತನ್ನ ಕೀಲುಗಳನ್ನೋ, ಮಧುರಸವನ್ನು ಹದಗೊಳಿಸುವ ತನ್ನ ಕಣಗಳನ್ನೋ ತಾನೇ ಕೊಲ್ಲತೊಡಗುವುದು. ೨೦೨೦ರಲ್ಲಿ ಕೋವಿಡ್ ರೋಗವು ಜಗತ್ತನ್ನು ವ್ಯಾಪಿಸಿದಾಗ, ತೀವ್ರ ಅವಸ್ಥೆಗೆ ತಲುಪಿದ ಅನೇಕ ರೋಗಿಗಳಲ್ಲಿ ವೈರಸ್ಸಿಗಿಂತ ಹೆಚ್ಚಾಗಿ ದೇಹದ ಹತೋಟಿಯಿಲ್ಲದ ಉರಿಯೂತವೇ ಶ್ವಾಸಕೋಶವನ್ನು ಕೆಡಿಸಿತು. ಆದುದರಿಂದಲೇ ಆ ಉರಿಯನ್ನು ತಗ್ಗಿಸುವ ಡೆಕ್ಸಾಮೆಥಸೋನ್ ಎಂಬ ಹಳೆಯ ಅಗ್ಗದ ಔಷಧವು ಅಂಥವರಲ್ಲಿ ಎಷ್ಟೋ ಪ್ರಾಣಗಳನ್ನು ಉಳಿಸಿತು. ಕ್ರೋಧವು ಶತ್ರುವಿಗೆ ಮುಟ್ಟುವ ಮೊದಲು ತನ್ನ ಮನೆಯನ್ನೇ ಸುಡುವುದೆಂಬ ಹಿರಿಯರ ತಿಳಿವಳಿಕೆಯು ಮನಸ್ಸಿಗೆ ಹೇಗೋ ಮಾಂಸಕ್ಕೂ ಹಾಗೆಯೇ ಅನ್ವಯಿಸುವುದು.

ಇನ್ನು ನೆನಹಿನ ವಿಚಾರ. ರೋಗವು ಶಮನವಾದ ಬಳಿಕ ಆ ದೊಡ್ಡ ಪರಿವಾರದಲ್ಲಿ ಹೆಚ್ಚಿನ ಕಣಗಳು ಅಳಿಯುವವು. ಆದರೆ ಕೆಲವು ಸ್ಮೃತಿಕಣಗಳಾಗಿ ಉಳಿಯುವವು. ಇನ್ನು ಕೆಲವು ಎಲುಬಿನ ಮಜ್ಜೆಯಲ್ಲಿ ನೆಲೆಸಿ, ಸದ್ದಿಲ್ಲದೆ ಪ್ರತಿಕಾಯಗಳನ್ನು ವರ್ಷಾನುಗಟ್ಟಲೆ ಸುರಿಸುತ್ತಿರುವವು. ಅದೇ ರೋಗಾಣುವು ಮತ್ತೊಮ್ಮೆ ಬಂದರೆ ದೇಹವು ವಾರಗಟ್ಟಲೆ ಕಾಯಬೇಕಾಗಿಲ್ಲ, ಗುರುತು ಸಿದ್ಧವಾಗಿದೆ. ಈ ನೆನಹು ಎಷ್ಟು ಕಾಲ ಬಾಳಬಲ್ಲುದೆಂಬುದಕ್ಕೆ ಡೆನ್ಮಾರ್ಕಿನ ಅಧೀನದಲ್ಲಿರುವ ಫೆರೋ ದ್ವೀಪಗಳ ವೃತ್ತಾಂತವು ಒಳ್ಳೆಯ ನಿದರ್ಶನ. ಉತ್ತರದ ಕಡಲಿನ ನಡುವೆ ಒಂಟಿಯಾಗಿರುವ ಆ ದ್ವೀಪಗಳಲ್ಲಿ ೧೭೮೧ರಲ್ಲಿ ದಡಾರವು ಬಂದುಹೋಗಿತ್ತು. ಬಳಿಕ ೬೫ ವರ್ಷಗಳ ಕಾಲ ಅದು ಅಲ್ಲಿ ತಲೆಹಾಕಲಿಲ್ಲ. ೧೮೪೬ರಲ್ಲಿ ಕೋಪನ್‌ಹೇಗನ್ನಿನಿಂದ ಬಂದ ಮರಗೆಲಸದವನೊಬ್ಬನೊಡನೆ ಅದು ಮರಳಿ ಕಾಲಿಟ್ಟಿತು. ಆಗ ಅಲ್ಲಿದ್ದ ೭,೭೮೨ ಜನರಲ್ಲಿ ಸುಮಾರು ೬,೦೦೦ ಜನ ಕೆಲವೇ ತಿಂಗಳುಗಳಲ್ಲಿ ಹಾಸಿಗೆ ಹಿಡಿದರು. ಸರಕಾರವು ಕಳುಹಿಸಿದ ಪಾನುಮ್ ಎಂಬ ತರುಣ ವೈದ್ಯನು ಹಳ್ಳಿಯಿಂದ ಹಳ್ಳಿಗೆ ತಿರುಗಿ, ಮನೆಮನೆಯಲ್ಲಿ ವಿಚಾರಿಸಿ, ಒಂದು ವಿಸ್ಮಯವನ್ನು ಕಂಡನು. ೧೭೮೧ರಲ್ಲಿ ಬಾಲ್ಯದಲ್ಲಿಯೇ ದಡಾರವನ್ನು ಉಂಡು ಉಳಿದಿದ್ದ ಮುದುಕ ಮುದುಕಿಯರಲ್ಲಿ ಒಬ್ಬರಿಗಾದರೂ ಅದು ಎರಡನೆಯ ಸಲ ಬಂದುದು ಆತನಿಗೆ ಕಾಣಲಿಲ್ಲ. ಆ ವೃದ್ಧರಲ್ಲಿ ಎಷ್ಟೋ ಮಂದಿಗೆ ತಮಗೆ ಶೈಶವದಲ್ಲಿ ಬಂದಿದ್ದ ಬೇನೆಯು ಮನಸ್ಸಿನಲ್ಲಿ ಉಳಿದಿರಲಾರದು. ಆದರೂ ೬೫ ವರ್ಷಗಳ ಬಳಿಕ ಅವರ ದೇಹವು ಅದನ್ನು ಮರೆತಿರಲಿಲ್ಲ.

ಈ ನೆನಹು ಕೇವಲ ತನಗಾಗಿ ಕೂಡಿಟ್ಟ ಧನವೂ ಅಲ್ಲ. ಗರ್ಭಿಣಿಯ ರಕ್ತದಲ್ಲಿರುವ ಪ್ರತಿಕಾಯಗಳು ಮಾಸದ ಮೂಲಕ ಶಿಶುವಿಗೆ ಇಳಿಯುವವು. ಹೆರಿಗೆಯ ಬಳಿಕ ಮೊದಲ ದಿನಗಳ ಹಳದಿ ಮೊಲೆಹಾಲಿನಲ್ಲಿ ಬೇರೊಂದು ಬಗೆಯ ಪ್ರತಿಕಾಯಗಳು ದೊರೆಯುವವು. ಆ ಹಾಲನ್ನು ಕೆಟ್ಟುದೆಂದು ಹಿಂಡಿ ಚೆಲ್ಲುವ ಪದ್ಧತಿಯು ಕೆಲವು ಮನೆಗಳಲ್ಲಿ ಇನ್ನೂ ಉಳಿದಿದ್ದರೆ ಅದನ್ನು ಇಂದೇ ಬಿಡತಕ್ಕದ್ದು. ತಾಯಿಯು ತನ್ನ ಜೀವಮಾನದಲ್ಲಿ ನೊಂದು ಗಳಿಸಿದ ಅರಿವನ್ನು ಕೂಸಿಗೆ ಬೇಡದೆಯೇ ನೀಡುವಳು. ದಾಸೋಹದ ಮೊದಲ ಪಾಠವನ್ನು ಜೀವವು ಅಲ್ಲಿಯೇ ಕಲಿಯುವುದು. ಆದರೆ ಕೊಟ್ಟ ಬುತ್ತಿಯು ದಾರಿಯುದ್ದಕ್ಕೂ ಸಾಲದು. ಗರ್ಭದಲ್ಲಿ ಪಡೆದ ಪ್ರತಿಕಾಯಗಳು ಕೆಲವು ತಿಂಗಳುಗಳಲ್ಲಿ ಸವೆದುಹೋಗುವವು. ಅನಂತರ ಮಗುವು ತನ್ನ ಅರಿವನ್ನು ತಾನೇ ಗಳಿಸಿಕೊಳ್ಳಬೇಕು. ಭಾರತದಲ್ಲಿ ದಡಾರದ ಲಸಿಕೆಯನ್ನು ೯ ತಿಂಗಳು ತುಂಬಿದ ಮೇಲೆ ಹಾಕುವ ಕ್ರಮವು ಈ ಲೆಕ್ಕದಿಂದಲೇ ಬಂದುದು. ತಾಯಿಯ ಪ್ರತಿಕಾಯಗಳು ಇನ್ನೂ ಬಲವಾಗಿರುವಾಗ ಹಾಕಿದರೆ ಲಸಿಕೆಯು ನಾಟುವುದಿಲ್ಲ. ತೀರ ತಡವಾದರೆ ಮಗುವು ಬರಿಮೈಯಲ್ಲಿ ನಿಂತಂತಾಗುವುದು.

ದಡಾರವನ್ನು ಮತ್ತೆ ಮತ್ತೆ ಉದಾಹರಿಸುವುದಕ್ಕೆ ವಿಶೇಷವಾದ ಕಾರಣವುಂಟು. ವಚನಶಾಸ್ತ್ರದಲ್ಲಿ ಅರಿವಿಗೆ ಎದುರಾದುದು ಮರವೆ. ಜೀವನ ಸಕಲ ದುಃಖಕ್ಕೂ ಮರವೆಯೇ ಮೂಲವೆಂದು ಶರಣರು ಎಚ್ಚರಿಸಿರುವರು. ರೋಗಗಳಲ್ಲಿ ಮರವೆಯನ್ನೇ ಉಂಟುಮಾಡುವ ರೋಗವೊಂದಿದ್ದರೆ ಅದು ದಡಾರವೇ. ದಡಾರದ ವೈರಸ್ಸು ಉಸಿರಿನೊಡನೆ ಹೊಕ್ಕು ಮೊದಲು ಹಿಡಿಯುವುದು ಕಾವಲುಗಾರರನ್ನೇ. ಸ್ಮೃತಿಕಣಗಳ ಹೊರಮೈಯಲ್ಲಿರುವ ಒಂದು ಹಿಡಿಕೆಯು ಆ ವೈರಸ್ಸಿನ ಕೈಗೆ ಸರಿಯಾಗಿ ಹೊಂದುವುದರಿಂದ, ಅದು ಆ ಕಣಗಳನ್ನು ಹೊಕ್ಕು, ಅವುಗಳಲ್ಲಿಯೇ ಬೆಳೆದು, ದುಗ್ಧಗ್ರಂಥಿಗಳಲ್ಲೆಲ್ಲ ಹರಡುವುದು. ಊರಿನ ದಫ್ತರವನ್ನೇ ಸುಟ್ಟುಹಾಕುವ ಕಳ್ಳನಂತೆ ಇದರ ರೀತಿ. ಆಸ್ಟ್ರಿಯದ ವೈದ್ಯ ಪಿರ್ಕೆ ಎಂಬವನು ೧೯೦೮ರಷ್ಟು ಹಿಂದೆಯೇ ಒಂದು ವಿಚಿತ್ರವನ್ನು ಗಮನಿಸಿದ್ದನು. ಕ್ಷಯದ ಸೋಂಕನ್ನು ತೋರಿಸಿಕೊಡುವ ಚರ್ಮದ ಪರೀಕ್ಷೆಯಲ್ಲಿ ಮೊದಲು ಗುರುತೆದ್ದಿದ್ದ ಮಕ್ಕಳಿಗೆ ದಡಾರವೆದ್ದಾಗ ಆ ಗುರುತು ಏಳದೆಹೋಯಿತು. ಸೋಂಕು ದೇಹದಲ್ಲಿಯೇ ಇದ್ದಿತು. ದೇಹಕ್ಕೆ ಅದರ ಎಚ್ಚರವು ತಪ್ಪಿತ್ತು.

ಇದರ ಪೂರ್ಣಾರ್ಥವು ಇತ್ತೀಚೆಗೆ ತಿಳಿದುಬಂದಿದೆ. ೨೦೧೩ರಲ್ಲಿ ನೆದರ್ಲೆಂಡ್ಸ್ ದೇಶದಲ್ಲಿ ದಡಾರವು ಹಬ್ಬಿತು. ಅಲ್ಲಿಯ ಕೆಲವು ನಿಷ್ಠಾವಂತ ಪ್ರಾಟೆಸ್ಟೆಂಟ್ ಕ್ರೈಸ್ತ ಕುಟುಂಬಗಳವರು, ಆರೋಗ್ಯವೂ ರೋಗವೂ ದೇವರ ಸಂಕಲ್ಪಕ್ಕೆ ಸೇರಿದವೆಂಬ ನಂಬಿಕೆಯಿಂದ ಮಕ್ಕಳಿಗೆ ಲಸಿಕೆಯನ್ನು ಹಾಕಿಸಿರಲಿಲ್ಲ. ಆ ಸಮುದಾಯದ ೭೭ ಮಕ್ಕಳ ರಕ್ತವನ್ನು ರೋಗಕ್ಕೆ ಮೊದಲೂ ಅನಂತರವೂ ಪರೀಕ್ಷಿಸಿದ ವಿಜ್ಞಾನಿಗಳು ೨೦೧೯ರಲ್ಲಿ ಪ್ರಕಟಿಸಿದ ಫಲವು ಹೀಗಿದೆ: ದಡಾರವು ಬಂದುಹೋದ ಮೇಲೆ, ಬೇರೆ ಬೇರೆ ರೋಗಾಣುಗಳ ವಿರುದ್ಧ ಆ ಮಕ್ಕಳಲ್ಲಿ ಮೊದಲಿದ್ದ ಪ್ರತಿಕಾಯಗಳ ಸಂಗ್ರಹದಲ್ಲಿ ಶೇಕಡ ೧೧ರಿಂದ ೭೩ರವರೆಗೆ ನಷ್ಟವಾಗಿತ್ತು. ಎಂದರೆ, ಹುಟ್ಟಿದಂದಿನಿಂದ ನೆಗಡಿ ಕೆಮ್ಮು ಭೇದಿಗಳಲ್ಲಿ ನರಳಿ ನರಳಿ ಗಳಿಸಿದ್ದ ನೆನಹಿನಲ್ಲಿ ದೊಡ್ಡ ಪಾಲು ಅಳಿಸಿಹೋಗಿತ್ತು. ಲಸಿಕೆಯನ್ನು ಹಾಕಿಸಿಕೊಂಡ ಮಕ್ಕಳಲ್ಲಿ ಇಂಥ ನಷ್ಟವು ಕಾಣಲಿಲ್ಲ. ಇದಕ್ಕೆ ಮೊದಲು, ೨೦೧೫ರಲ್ಲಿ, ಇಂಗ್ಲೆಂಡ್, ಡೆನ್ಮಾರ್ಕ್, ಅಮೆರಿಕ ದೇಶಗಳ ಮರಣಪತ್ರಗಳನ್ನು ಪರಿಶೀಲಿಸಿದವರು, ದಡಾರವು ಹೋದ ಮೇಲೂ ಎರಡು ಮೂರು ವರ್ಷಗಳವರೆಗೆ ಮಕ್ಕಳು ಇತರ ಸೋಂಕುಗಳಿಗೆ ಹೆಚ್ಚಾಗಿ ಬಲಿಯಾಗುತ್ತಿದ್ದರೆಂದು ತೋರಿಸಿದ್ದರು. ‘ದಡಾರ ಎಲ್ಲ ಮಕ್ಕಳಿಗೂ ಬರುವುದೇ, ಎದ್ದು ಹೋದರೆ ಮುಗಿಯಿತು’ ಎಂಬ ಮಾತು ಎಷ್ಟು ಅಪಾಯಕರವೆಂಬುದು ಇದರಿಂದ ಸ್ಪಷ್ಟವಾಗುವುದು. ಗುಳ್ಳೆಗಳು ಮಾಯುವವು, ಮರವೆಯು ಉಳಿಯುವುದು. ಆಮೇಲೆ ಆರು ತಿಂಗಳಿಗೆ ಬಂದ ನ್ಯುಮೋನಿಯದಿಂದ ಕೂಸು ತೀರಿಕೊಂಡರೆ, ಅದರ ಹಿಂದೆ ದಡಾರವಿದ್ದಿರಬಹುದೆಂದು ತಾಯಿಗೆ ಹೊಳೆಯುವುದೇ ಇಲ್ಲ.

ಲಸಿಕೆಯೆಂಬುದು ನೋವನ್ನು ಉಣ್ಣದೆ ಅರಿವನ್ನು ಪಡೆಯುವ ಉಪಾಯ. ಹಿಂದಿನವರ ನೋವಿನಿಂದ ಹುಟ್ಟಿದ ತಿಳಿವಳಿಕೆಯನ್ನು ಗುರುವು ಶಿಷ್ಯನಿಗೆ ಉಪದೇಶಿಸುವಂತೆ, ಬಲಗುಂದಿಸಿದ ರೋಗಾಣುವನ್ನೋ ಅದರ ಒಂದು ಅಂಶವನ್ನೋ ದೇಹಕ್ಕೆ ತೋರಿಸಿ ಗುರುತನ್ನು ಕಲಿಸುವರು. ಇಂಗ್ಲೆಂಡಿನ ಜೆನ್ನರ್ ಎಂಬ ವೈದ್ಯನು ೧೭೯೬ರಲ್ಲಿ ಹಸುವಿನ ಸಿಡುಬಿನ ರಸವನ್ನು ಬಾಲಕನೊಬ್ಬನ ತೋಳಿಗೆ ಹಾಕಿ, ಮನುಷ್ಯರ ಸಿಡುಬಿನಿಂದ ಅವನಿಗೆ ರಕ್ಷಣೆ ದೊರೆತುದನ್ನು ತೋರಿಸಿದನು. ನಮ್ಮ ನಾಡಿನಲ್ಲಿ ಸಿಡುಬನ್ನು ‘ಅಮ್ಮ’ನೆಂದೂ ‘ದೇವಿ’ಯೆಂದೂ ಕರೆದು, ಬೇವಿನ ಸೊಪ್ಪನ್ನು ಕಟ್ಟಿ, ಕೋಣ ಕುರಿಗಳನ್ನು ಕಡಿದು ಶಾಂತಿಮಾಡಿದ ಕಾಲವಿತ್ತು. ಇಷ್ಟಲಿಂಗವೊಂದನ್ನಲ್ಲದೆ ಅನ್ಯದೈವವನ್ನು ಅರಿಯದಿರಬೇಕಾದ ಮನೆಗಳಲ್ಲಿಯೂ ಆ ಭಯವು ನುಸುಳಿತ್ತು. ಕಡೆಗೆ ಸಿಡುಬು ತೊಲಗಿದುದು ಬಲಿಯಿಂದಲ್ಲ. ಹಳ್ಳಿಹಳ್ಳಿಗೆ ನಡೆದು ದಾಕು ಹಾಕಿದವರ ಕಾಯಕದಿಂದ, ಮಕ್ಕಳ ತೋಳನ್ನು ಧೈರ್ಯವಾಗಿ ಚಾಚಿದ ತಾಯಂದಿರಿಂದ ಅದು ತೊಲಗಿತು. ೧೯೭೫ರಲ್ಲಿ ಭಾರತದಲ್ಲಿ ಅದರ ಕೊನೆಯ ಪ್ರಕರಣಗಳು ಕಂಡವು. ೧೯೮೦ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಸಿಡುಬು ಭೂಮಂಡಲದಿಂದಲೇ ನಿರ್ಮೂಲವಾಯಿತೆಂದು ಸಾರಿತು. ಹಿರಿಯರ ತೋಳುಗಳ ಮೇಲಿರುವ ದಾಕಿನ ಕಲೆಯು ಆ ವಿಜಯದ ಶಾಸನ. ದಡಾರದ ವೈರಸ್ಸನ್ನು ೧೯೫೪ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಎಂಡರ್ಸ್ ಮತ್ತು ಪೀಬಲ್ಸ್ ಎಂಬವರು ಬೇರ್ಪಡಿಸಿದರು. ೧೯೬೩ರಲ್ಲಿ ಲಸಿಕೆಯು ಬಳಕೆಗೆ ಬಂದಿತು. ಭಾರತದ ಸಾರ್ವತ್ರಿಕ ಲಸಿಕೆಯ ಕಾರ್ಯಕ್ರಮದಲ್ಲಿ ಅದು ೧೯೮೫ರಿಂದ ಸೇರಿದೆ. ೨೦೧೭ರ ಫೆಬ್ರುವರಿಯಲ್ಲಿ ದಡಾರ ಮತ್ತು ರುಬೆಲ್ಲ ಎರಡಕ್ಕೂ ಒಂದೇ ಲಸಿಕೆಯನ್ನು ಹಾಕುವ ಮಹಾ ಅಭಿಯಾನವು ಮೊದಲು ಆರಂಭವಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು.

ಇಲ್ಲಿ ಇನ್ನೊಂದು ಶಂಕೆಯು ಏಳಬಹುದು. ಮಂತ್ರ, ವಿಭೂತಿ, ರುದ್ರಾಕ್ಷಿಗಳೇ ಮೊದಲಾದ ಅಷ್ಟಾವರಣಗಳು ಭಕ್ತನಿಗೆ ಕವಚವಾಗಿರಲು ಸೂಜಿಮೊನೆಯ ರಕ್ಷಣೆಯೇಕೆ? ಶಿವನನ್ನು ನಂಬಿದವನು ಲಸಿಕೆಯನ್ನು ನಂಬುವುದು ನಿಷ್ಠೆಗೆ ಕುಂದಲ್ಲವೇ? ಇದಕ್ಕೆ ಸಮಾಧಾನವು ಸುಲಭ. ಅಷ್ಟಾವರಣವು ಮಲತ್ರಯದಿಂದ ಆತ್ಮನನ್ನು ಕಾಯುವ ಕವಚ. ಹಸಿದವನು ಭಸ್ಮಧಾರಣೆಯಿಂದಲೇ ಹೊಟ್ಟೆ ತುಂಬಿತೆನ್ನದೆ ಅನ್ನವನ್ನು ಉಣ್ಣುವನು. ಮಳೆಗೆ ಮಾಡನ್ನು ಕಟ್ಟುವನು. ಅದರಿಂದ ನಿಷ್ಠೆಗೆ ಕುಂದಾಗುವುದಿಲ್ಲ. ಮಜ್ಜೆಯಲ್ಲಿ ಕುಳಿತು ೬೫ ವರ್ಷ ನೆನಪಿಡುವ ಕಣವೂ ಶಿವನ ಸೃಷ್ಟಿಯೇ. ಆ ಕಣಕ್ಕೆ ಪಾಠ ಹೇಳುವ ಬುದ್ಧಿಯೂ ಶಿವನು ಕೊಟ್ಟ ಪ್ರಸಾದವೇ. ಪ್ರಸಾದವನ್ನು ಬೇಡವೆಂದು ನೂಕುವುದು ಭಕ್ತಿಯಲ್ಲ. ಚಿಕಿತ್ಸೆಯು ಶಿವಸಂಕಲ್ಪಕ್ಕೆ ವಿರೋಧವಾಗಿದ್ದರೆ ವೈದ್ಯನೊಬ್ಬನಿಗೆ ಶರಣರ ಗಣದಲ್ಲಿ ಸ್ಥಾನವು ದೊರೆಯುತ್ತಿರಲಿಲ್ಲ.

ಲಸಿಕೆಯು ತನ್ನ ಮಗುವಿನ ರಕ್ಷಣೆಗೆ ಮಾತ್ರವೆಂದು ತಿಳಿಯುವುದೂ ಅರ್ಧಜ್ಞಾನವೇ. ದಡಾರವು ಸೋಂಕುರೋಗಗಳಲ್ಲೆಲ್ಲ ಅತಿವೇಗವಾಗಿ ಹರಡತಕ್ಕುದು. ರಕ್ಷಣೆಯಿಲ್ಲದ ಜನರ ನಡುವೆ ಒಬ್ಬ ರೋಗಿಯಿಂದ ೧೨ರಿಂದ ೧೮ ಮಂದಿಗೆ ಅದು ದಾಟಬಲ್ಲದು. ರೋಗಿಯು ಕೆಮ್ಮಿ ಎದ್ದುಹೋದ ಕೋಣೆಯ ಗಾಳಿಯಲ್ಲಿ ಎರಡು ಗಂಟೆಗಳವರೆಗೂ ಅದು ಉಳಿದಿರುವುದು. ಆದುದರಿಂದ ಊರಿನಲ್ಲಿ ನೂರಕ್ಕೆ ೯೫ ಮಂದಿಗಾದರೂ ರಕ್ಷಣೆಯಿದ್ದರಲ್ಲದೆ ಅದರ ದಾರಿಯು ಮುಚ್ಚುವುದಿಲ್ಲ. ಲಸಿಕೆಯ ವಯಸ್ಸಿಗೆ ಬಾರದ ಹಸುಗೂಸುಗಳು, ಅರ್ಬುದರೋಗದ ಚಿಕಿತ್ಸೆಯಿಂದ ಕಾವಲು ಕಳೆದುಕೊಂಡವರು, ಗರ್ಭಿಣಿಯರು, ಇವರಿಗೆ ಈ ಲಸಿಕೆಯನ್ನು ಹಾಕುವಂತಿಲ್ಲ. ಇವರ ಸುತ್ತ ಆವರಣವಾಗಿ ನಿಲ್ಲಬೇಕಾದವರು ಮಿಕ್ಕವರು. ಗೃಹಸ್ಥನೊಬ್ಬನು ‘ಈ ತಿಂಗಳು ಕೆಲಸ ಹೆಚ್ಚು, ಮುಂದಿನ ತಿಂಗಳು ನೋಡೋಣ’ ಎಂದು ಮಗುವಿನ ಎರಡನೆಯ ಲಸಿಕೆಯನ್ನು ಮುಂದೂಡಿದರೆ, ಆ ಗೋಡೆಯಲ್ಲಿ ಒಂದು ಕಲ್ಲು ಕಳಚಿದಂತೆ. ಆ ಕಿಂಡಿಯಿಂದ ನುಗ್ಗಿದ ರೋಗವು ಅವನ ಮಗುವನ್ನು ಬಿಟ್ಟು ನೆರೆಮನೆಯ ಆರು ತಿಂಗಳ ಕೂಸನ್ನು ಒಯ್ಯಬಹುದು. ಅನ್ನದಾಸೋಹಕ್ಕೆ ಅಕ್ಕಿಬೇಳೆಗಳನ್ನು ಹೊರುವ ಭಕ್ತನು, ಕಾಣದ ನೆರೆಯ ಕೂಸಿಗಾಗಿ ತನ್ನ ಮಗುವಿನ ತೋಳನ್ನು ಚಾಚುವುದೂ ದಾಸೋಹವೆಂದು ತಿಳಿಯಬೇಕು.

ಈಗ ಮೊದಲಿನ ಸಂದೇಹಕ್ಕೆ ಉತ್ತರವು ದೊರೆಯುವುದು. ಸೂತಕವೆಂಬುದು ವ್ಯಕ್ತಿಯನ್ನೇ ಅಶುದ್ಧನೆಂದು ಎಣಿಸುವ ಭಾವನೆ. ಅದು ಹುಟ್ಟಿನಿಂದಲೋ ಸಾವಿನಿಂದಲೋ ಮನುಷ್ಯನಿಗೆ ಹೊಲೆಯನ್ನು ಹಚ್ಚುವುದು. ಶರಣರು ಅದನ್ನು ಕಿತ್ತೊಗೆದರು. ಸೋಂಕಾದರೋ ಗಾಳಿಯಲ್ಲಿಯೂ ಕೈಯಲ್ಲಿಯೂ ನೀರಿನಲ್ಲಿಯೂ ಒಂದು ಬೀಜವು ಚಲಿಸುವ ಕ್ರಿಯೆ. ಅದಕ್ಕೆ ಕುಲವಿಲ್ಲ, ಶೀಲವಿಲ್ಲ. ಕೆಲವು ದಿನಗಳ ಅವಧಿಯುಂಟು, ಬಳಿಕ ಅದು ತೀರುವುದು. ದಡಾರದ ಮಗುವಿನಿಂದ ರೋಗವು ಇತರರಿಗೆ ದಾಟುವುದು ಗುಳ್ಳೆ ಏಳುವ ನಾಲ್ಕು ದಿನ ಮೊದಲಿನಿಂದ ಎದ್ದ ನಾಲ್ಕು ದಿನದವರೆಗೆ. ಐದನೆಯ ದಿನ ಆ ಮಗುವನ್ನು ದೂರವಿಡುವವನು ಸೂತಕವನ್ನು ಆಚರಿಸುತ್ತಿರುವನು. ಎರಡನೆಯ ದಿನ ಅದನ್ನು ಜಾತ್ರೆಗೆ ತರುವವನು ಪರಹಿಂಸೆಯನ್ನು ಆಚರಿಸುತ್ತಿರುವನು.

ರೋಗಿಯ ಬಳಿ ಹೋಗುವವರು ಯಾರೆಂಬುದಕ್ಕೂ ಶರೀರಧರ್ಮವೇ ದಾರಿಯನ್ನು ತೋರಿಸಿದೆ. ಕ್ರಿಸ್ತಪೂರ್ವ ೪೩೦ರಲ್ಲಿ ಗ್ರೀಸಿನ ಅಥೆನ್ಸ್ ನಗರಕ್ಕೆ ಮಹಾಮಾರಿಯು ಬಂದಾಗ, ತಾನೂ ಅದರಲ್ಲಿ ನರಳಿ ಬದುಕಿದ ಥುಸಿಡಿಡೀಸ್ ಎಂಬ ಇತಿಹಾಸಕಾರನು ಅದರ ವೃತ್ತಾಂತವನ್ನು ಬರೆದಿಟ್ಟನು. ಸಾಯುವವರ ಮೇಲೆ ಹೆಚ್ಚಿನ ಕರುಣೆಯನ್ನು ತೋರಿದವರು ರೋಗವನ್ನು ಉಂಡು ಚೇತರಿಸಿಕೊಂಡವರೇ. ಏಕೆಂದರೆ ಅವರು ಆ ನೋವನ್ನು ಬಲ್ಲವರಾಗಿದ್ದರು, ಮತ್ತೆ ಅದು ತಮ್ಮನ್ನು ಕೊಲ್ಲಲಾರದೆಂಬ ಧೈರ್ಯವೂ ಅವರಿಗಿತ್ತು ಎಂದು ಅವನು ತಿಳಿಸುವನು. ಇಂದಿಗೂ ಅದೇ ನ್ಯಾಯ. ಮನೆಯಲ್ಲಿ ದಡಾರವು ಹಿಂದೆ ಬಂದುಹೋದವರು, ಲಸಿಕೆಯ ಎರಡು ವರಸೆಗಳು ಪೂರ್ಣವಾದವರು ರೋಗಿಯ ಸೇವೆಗೆ ಮುಂದೆ ನಿಲ್ಲಬೇಕು. ಗರ್ಭಿಣಿಯರನ್ನೂ ಹಸುಗೂಸುಗಳನ್ನೂ ದೂರವಿರಿಸಬೇಕು. ರಕ್ಷಣೆಯು ದೊರೆತಿರುವುದು ಹೆಮ್ಮೆಪಡಲಿಕ್ಕಲ್ಲ, ಸೇವೆಗೆ.

ಆಚರಣೆಗೆ ಬೇಕಾದುದನ್ನು ಸಂಗ್ರಹವಾಗಿ ಹೇಳುವುದಾದರೆ ಇಷ್ಟು. ಮಗುವಿಗೆ ೯ ತಿಂಗಳು ತುಂಬಿದೊಡನೆ, ಮತ್ತೆ ೧೬ರಿಂದ ೨೪ ತಿಂಗಳೊಳಗೆ, ದಡಾರ ರುಬೆಲ್ಲದ ಲಸಿಕೆಯನ್ನು ಹಾಕಿಸಬೇಕು. ತಪ್ಪಿಹೋಗಿದ್ದರೆ ನಾಚಿಕೆಪಡದೆ ಆರೋಗ್ಯ ಕೇಂದ್ರಕ್ಕೆ ಹೋಗಿ ಕೇಳಬೇಕು. ಜ್ವರ, ಕೆಮ್ಮು, ಮೂಗು ಸೋರುವುದು, ಕಣ್ಣು ಕೆಂಪಾಗುವುದು, ಬಳಿಕ ಮುಖದಿಂದ ಕೆಳಗಿಳಿಯುವ ಕೆಂಪುಗುಳ್ಳೆಗಳು ಕಂಡರೆ ಮಗುವನ್ನು ಶಾಲೆಗೂ ಪಂಕ್ತಿಗೂ ಕಳುಹಿಸದೆ ವೈದ್ಯರಿಗೆ ತೋರಿಸಬೇಕು. ಕಣ್ಣನ್ನೂ ಪ್ರಾಣವನ್ನೂ ಕಾಯುವ ಎ ಜೀವಸತ್ತ್ವವನ್ನು ಅವರು ಕೊಡುವರು. ಬಾಗಿಲಿಗೆ ಬೇವನ್ನು ಕಟ್ಟುವುದರಿಂದ ಹಾನಿಯಿಲ್ಲ. ಬೇವನ್ನು ಕಟ್ಟಿದೆವೆಂದು ವೈದ್ಯನನ್ನು ಕರೆಯದಿರುವುದರಿಂದ ಹಾನಿಯುಂಟು. ‘ಅಮ್ಮ ಬಂದಿದ್ದಾಳೆ’ ಎಂದು ಮಗುವಿಗೆ ಅನ್ನ, ನೀರು, ಮೊಲೆಹಾಲುಗಳನ್ನು ತಡೆಯಬಾರದು. ಉಸಿರಾಟವು ಬಿರುಸಾದರೆ, ಮಂಪರು ಕವಿದರೆ, ಸೆಳವು ಬಂದರೆ, ಕುಡಿಯುವುದನ್ನೇ ಬಿಟ್ಟರೆ, ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಒಯ್ಯಬೇಕು.

ದೇಹವು ತನ್ನ ಮಜ್ಜೆಯೊಳಗೆ ಅರಿವನ್ನು ಎಡೆಬಿಡದೆ ಕಾದುಕೊಂಡು ಬರುವುದು. ಅದು ಮಾಡುವಷ್ಟನ್ನು ಮನಸ್ಸೂ ಮಾಡಬೇಕಾಗಿದೆ. ಸಿಡುಬಿನಿಂದ ಕಣ್ಣು ಕಳೆದುಕೊಂಡವರನ್ನು, ದಡಾರದಿಂದ ಬರಿದಾದ ತೊಟ್ಟಿಲುಗಳನ್ನು ಕಂಡಿದ್ದ ಹಿರಿಯರು ಒಬ್ಬೊಬ್ಬರಾಗಿ ಲಿಂಗೈಕ್ಯರಾಗುತ್ತಿರುವರು. ಅವರೊಡನೆ ಆ ನೆನಹೂ ಅಳಿದರೆ, ಲಸಿಕೆಯೇಕೆ ಎಂದು ಕೇಳುವ ಮರವೆಯು ಮನೆಮನೆಯನ್ನೂ ಹೊಗುವುದು. ಮರವೆಯು ಹೊಕ್ಕ ಮನೆಗೆ ರೋಗವು ಹಿಂದೆಯೇ ಬರುವುದು. ಆದುದರಿಂದ ಮನೆಯಲ್ಲಿ ಅಜ್ಜಿಯರಿದ್ದರೆ, ಅವರು ಕಂಡುದನ್ನು ಸೊಸೆಯಂದಿರಿಗೂ ಮೊಮ್ಮಕ್ಕಳಿಗೂ ಹೇಳಲಿ. ತೋಳಿನ ಮೇಲಿನ ಕಲೆಯನ್ನು ತೋರಿಸಲಿ. ಅರಿವು ಒಬ್ಬರಿಂದೊಬ್ಬರಿಗೆ ಸೋಂಕಲಿ. ಸದ್ಭಕ್ತರ ಮನೆಗಳಲ್ಲಿ ಮಕ್ಕಳು ನೂರ್ಕಾಲ ಬಾಳಲಿ.

ಶಿವಾರ್ಪಣಮಸ್ತು.